ಒಂದಡಿ ಚೌಕದ ನಮೂನೆ

ಜಗನ್ನಾಥರು ಕೇಂದ್ರ ಸರ್ಕಾರದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾಗುವ ತನಕ ಒಂದೇ ಒಂದು ತೀರ್ಮಾನವನ್ನೂ ತೆಗೆದುಕೊಂಡವರಲ್ಲ. ಇದನ್ನು ಯಾರೂ ಬೈಗುಳವೆಂದು ತಿಳಿಯಬಾರದು. ಬೀಳ್ಕೊಡುಗೆಯ ದಿನ ಜಂಟಿ ಕಾರ್ಯದರ್ಶಿಗಳೇ ಎದ್ದು ನಿಂತು, "ಜಗನ್ನಾಥರ ಮೇಜಿನ ಮೇಲೆ ಯಾವ ಕಡತವೂ ಕೊಳೆಯಲಿಲ್ಲ, ಯಾವ ಕಡತವೂ ಮುಗಿಯಲೂ ಇಲ್ಲ" ಎಂದು ಹೊಗಳಿ, ಶಾಲು ಹೊದಿಸಿ ಕಳಿಸಿದ್ದರು. ಕೆಳಗಿನಿಂದ ಬಂದ ಕಡತಕ್ಕೆ ಚೊಕ್ಕವಾಗಿ ಟಿಪ್ಪಣಿ ಬರೆದು, 'ಆದೇಶಕ್ಕಾಗಿ ಮಂಡಿಸಿದೆ' ಎಂದು ಸೇರಿಸಿ ಮೇಲಕ್ಕೆ ಕಳಿಸುವುದು ಅವರ ಕೆಲಸ. ಆ ಕೆಲಸದಲ್ಲಿ ಅವರನ್ನು ಮೀರಿಸುವವರು ಇಡೀ ಸಚಿವಾಲಯದಲ್ಲಿ ಇರಲಿಲ್ಲ.

ತಾಪತ್ರಯ ಶುರುವಾದದ್ದು ನಿವೃತ್ತಿಯ ಮಾರನೆಯ ಬೆಳಿಗ್ಗೆ. ಹತ್ತು ಗಂಟೆಯಾಯಿತು, ಮಂಡಿಸಲು ಕಡತವಿಲ್ಲ, ಮೇಲೆ ಅಧಿಕಾರಿಯಿಲ್ಲ. ದೆಹಲಿಯ ಪೀತಮ್‌ಪುರದ ಆ ಎರಡನೆಯ ಮಹಡಿಯ ಮನೆಯಲ್ಲಿ ಇದ್ದದ್ದು ಹೆಂಡತಿ ಪದ್ಮಾ ಒಬ್ಬರೇ. ಜಗನ್ನಾಥರು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತು, ಹುಳಿಗೆ ಸೋರೆಕಾಯಿ ಹಾಕುವುದರ ಪರವಾದ ಅಂಶಗಳು, ವಿರುದ್ಧವಾದ ಅಂಶಗಳು, ಹಿಂದಿನ ಬುಧವಾರ ಅನುಸರಿಸಿದ ಪದ್ಧತಿ ಇವನ್ನೆಲ್ಲ ವಿವರಿಸಿ, ಕೊನೆಗೆ "ನೀನು ಹೇಳಿದ ಹಾಗೆ" ಎನ್ನತೊಡಗಿದರು. ಹೀಗೆ ದಿನಕ್ಕೆ ಮೂರು ಹೊತ್ತು. ಮೂರು ತಿಂಗಳಾಗುವಷ್ಟರಲ್ಲಿ ಪದ್ಮಾ ಅವರಿಗೆ ಸಾಕೋಸಾಕಾಯಿತು.

ಗುರುಗ್ರಾಮದಲ್ಲಿ ಕೆಲಸಕ್ಕಿದ್ದ ಮಗಳು ಇಂಚರಾ ಒಂದು ಭಾನುವಾರ ಬಂದವಳು ಅಪ್ಪನಿಗೆ ಹೊಸ ಫೋನು ಕೊಟ್ಟು ಹೋದಳು. ಅದರಲ್ಲಿ ಅವರಿಗೆ ಎಲ್ಲಿಂದಲೋ ಒಂದು ವಿಡಿಯೊ ಸಿಕ್ಕಿತು. ಯಾವುದೋ ತಂಪು ದೇಶ. ಮನೆಯ ಹಿಂದೆ ಬಯಲಲ್ಲಿ ಹಲಗೆ ಜೋಡಿಸಿ ಮಾಡಿದ ಅಗಲವಾದ ಜಗಲಿ. ಅದಕ್ಕೆ ಡೆಕ್ ಎಂದು ಹೆಸರು. ಬಿಸಿಲಿಗೆ, ಹಿಮಕ್ಕೆ ಹಲಗೆಯೆಲ್ಲ ಕಪ್ಪಿಟ್ಟಿದೆ. ಗಡ್ಡದವನೊಬ್ಬ ಬಂದು ಉದ್ದನೆಯ ಕೊಳವೆಯಿಂದ ಅದರ ಮೇಲೆ ರಭಸವಾಗಿ ನೀರು ಬಿಡುತ್ತಾನೆ. ನೀರು ಹಾಯ್ದಲ್ಲೆಲ್ಲ ಜೇನಿನ ಬಣ್ಣದ ಮರ ಎದ್ದು ಬರುತ್ತದೆ. ನಲವತ್ತು ನಿಮಿಷ ಯಾರೂ ತುಟಿ ಬಿಚ್ಚುವುದಿಲ್ಲ. ಜಗನ್ನಾಥರು ಇಂಥ ನೂರಾಹನ್ನೆರಡು ವಿಡಿಯೊಗಳನ್ನು ನೋಡಿದರು. ಆ ಗಡ್ಡದವನು ಯಾರನ್ನೂ ಒಂದು ಮಾತು ಕೇಳದೆ ಕೆಲಸ ಶುರು ಮಾಡಿ, ಕಣ್ಣೆದುರೇ ಮುಗಿಸಿ ಎದ್ದು ಹೋಗುವುದನ್ನು ಕಂಡು ಅವರಿಗೆ ಹೊಟ್ಟೆಕಿಚ್ಚಾಯಿತು. ತಾವೂ ಒಂದು ಸಲ ಹಾಗೆ ಮಾಡಬೇಕೆಂಬ ಆಸೆ ಬಲವಾಗಿ ಹತ್ತಿಕೊಂಡಿತು.

ಸೆಪ್ಟೆಂಬರ್ ಕೊನೆಗೆ ಮನೆಗೆ ಹಳದಿ ಬಣ್ಣದ ಯಂತ್ರ ಬಂತು. ಅದರ ಹಿಂದೆಯೇ 'ಜಗನ್ನಾಥ್ ಪ್ರೆಶರ್ ವಾಷಿಂಗ್ ಅಂಡ್ ಡೆಕ್ ರೆಸ್ಟೋರೇಶನ್' ಎಂದು ಅಚ್ಚಾದ ಐನೂರು ಕಾರ್ಡುಗಳು ಬಂದವು.

"ರೀ, ಇಡೀ ಪೀತಮ್‌ಪುರದಲ್ಲಿ ಈ ಡೆಕ್ಕು ಅನ್ನೋದು ಒಂದಾದರೂ ಇದೆಯಾ?" ಎಂದು ಪದ್ಮಾ ಕೇಳಿದರು.

"ಇಲ್ಲ. ಅದಕ್ಕೇ ಪೈಪೋಟಿನೂ ಇಲ್ಲ," ಎಂದರು ಜಗನ್ನಾಥರು.

ಯಂತ್ರ, ಅದರ ಕೊಳವೆ, ನೀರು ತುಂಬಿಸಿಡುವ ಎರಡು ಡ್ರಮ್ಮು ಎಲ್ಲ ಸೇರಿ ಬಾಲ್ಕನಿಯನ್ನು ಆಕ್ರಮಿಸಿದವು. ಬಟ್ಟೆ ಒಣಗಿಸಲು ಜಾಗವಿಲ್ಲ, ಹಪ್ಪಳ ಒಣಗಿಸಲು ಜಾಗವಿಲ್ಲ, ಸಂಜೆ ಎರಡು ನಿಮಿಷ ನಿಲ್ಲಲೂ ಜಾಗವಿಲ್ಲ. ಪದ್ಮಾ ಒಂದು ವಾರ ಸುಮ್ಮನಿದ್ದು ಎಂಟನೆಯ ದಿನ ತೀರ್ಪು ಕೊಟ್ಟರು. "ದೀಪಾವಳಿ ತನಕ ನೋಡ್ತೀನಿ. ಅಷ್ಟರಲ್ಲಿ ಒಬ್ಬೇ ಒಬ್ಬ ಗಿರಾಕಿ ಬರಲಿ, ನಾನು ಚಕಾರ ಎತ್ತಲ್ಲ. ಬರಲಿಲ್ಲವೋ, ಇದು ಕಬಾಡಿಗೆ, ಗುಜರಿಗೆ ಹೋಗುತ್ತೆ."

ಇದು ಬರಿ ಬೆದರಿಕೆಯಲ್ಲವೆಂದು ಜಗನ್ನಾಥರಿಗೆ ಗೊತ್ತಿತ್ತು. ಯಂತ್ರ ಹೋದರೆ ತಮಗೆ ಉಳಿಯುವುದು ಅಡುಗೆಮನೆ ಬಾಗಿಲಿನ ಕುರ್ಚಿ ಮಾತ್ರ ಎಂಬುದೂ ಗೊತ್ತಿತ್ತು. ಅವರು ಆ ಐನೂರು ಕಾರ್ಡುಗಳನ್ನು ಪೇಪರಿನವನ ಕೈಲಿ ಕೊಟ್ಟು ಮನೆಮನೆಗೆ ಹಂಚಿಸಿದರು. ಬಂದದ್ದು ಒಂದೇ ಕರೆ. ಊರಾಚೆ ಕಂಝಾವಲಾದ ಕಡೆಯವನೊಬ್ಬ, ಈ ಯಂತ್ರದಲ್ಲಿ ಎಮ್ಮೆ ತೊಳೆಯಬಹುದೇ ಎಂದು ಕೇಳಿದ. ಜಗನ್ನಾಥರು ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಎಮ್ಮೆಯ ವಿಷಯದಲ್ಲಿ ತಯಾರಕರು ಮೌನವಾಗಿದ್ದಾರೆ ಎಂದು ಉತ್ತರ ಕೊಟ್ಟರು. ಅವನು ಮತ್ತೆ ಕರೆ ಮಾಡಲಿಲ್ಲ.

"ಅಪ್ಪಾ, ಕಾರ್ಡ್ ಕೌನ್ ಪಢ್ತಾ ಹೈ? ಯಾರು ಓದ್ತಾರೆ ಅದನ್ನ?" ಎಂದಳು ಇಂಚರಾ ಫೋನಿನಲ್ಲಿ. "ಸ್ಯಾಂಪಲ್ ತೋರ್ಸಿ. ಪಹಲೇ ಸ್ಯಾಂಪಲ್, ಆಮೇಲೆ ಕಸ್ಟಮರ್ ತಾನಾಗೇ ಬರ್ತಾರೆ."

ಈ ಮಾತು ಜಗನ್ನಾಥರಿಗೆ ಹಿಡಿಸಿತು. ಗಡ್ಡದವನೂ ಮೊದಲು ಮೂಲೆಯಲ್ಲಿ ಒಂದಡಿ ಚೌಕ ತೊಳೆದು ತೋರಿಸುತ್ತಾನೆ. ಆದರೆ ಅವನು ಅದನ್ನು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮಾಡುತ್ತಾನೆ. ಸರ್ಕಾರದ ಪದ್ಧತಿ ಬೇರೆ. ಯಾವುದೇ ಸೂಚನೆಯನ್ನು ಎದ್ದು ಕಾಣುವ ಜಾಗದಲ್ಲೇ ಅಂಟಿಸಬೇಕು. ಇನ್ನು, ನಮೂನೆ ತೋರಿಸಲು ಅನುಮತಿ ಬೇಕು, ಅನುಮತಿ ಕೇಳಲು ನಮೂನೆ ಬೇಕು. ಈ ತೊಡಕಿನ ಮೇಲೆ ಅವರು ಎರಡು ದಿನ ತಲೆ ಕೆಡಿಸಿಕೊಂಡು, ಮೂರನೆಯ ಬೆಳಿಗ್ಗೆ ಯಾರನ್ನೂ ಕೇಳದೆ ಯಂತ್ರವನ್ನು ಕೆಳಗಿಳಿಸಿದರು. ಮೆಟ್ಟಿಲಿಳಿಯುವಾಗ ಯಾರಾದರೂ ತಡೆಯಬಹುದೆಂದು ಎರಡು ಸಲ ನಿಂತು ಹಿಂದೆ ನೋಡಿದರು. ಅರವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ತೀರ್ಮಾನ ತೆಗೆದುಕೊಂಡರೆ ಯಾರಿಗಾದರೂ ಹಾಗಾಗುತ್ತದೆ.

ಎದುರು ಮನೆ ಗುಲಾಟಿಯವರದು. ಅವರು ಬ್ಲಾಕಿನ ನಿವಾಸಿಗಳ ಸಂಘದ ಅಧ್ಯಕ್ಷರು, ಬೆಳಿಗ್ಗೆ ಪಾರ್ಕಿನಲ್ಲಿ ನಗೆಕೂಟಕ್ಕೆ ಹೋಗುವವರು. ಅವರು ಅಲ್ಲಿ ನಗುತ್ತಿದ್ದ ಹೊತ್ತಿನಲ್ಲಿ ಜಗನ್ನಾಥರು ಇಲ್ಲಿ ಅವರ ಗೇಟಿನ ಪಕ್ಕ, ಹೆಸರಿನ ಫಲಕದ ಕೆಳಗೆ ಒಂದಡಿ ಚೌಕಕ್ಕೆ ನೀರು ಹಾಯಿಸಿದರು. ದೆಹಲಿಯ ಹೊಗೆ ಧೂಳು ಕುಡಿದು ಕುಡಿದು ಇಡೀ ಓಣಿಯ ಮನೆಗಳು ಒಂದೇ ಬಣ್ಣಕ್ಕೆ ಬಂದಿದ್ದವು. ಈಗ ಆ ಚೌಕದೊಳಗಿಂದ ಧೋಲಪುರದ ಕಲ್ಲು ನಸುಗುಲಾಬಿಯಾಗಿ ಎದ್ದು ಬಂತು. ಅಂಚುಗಳು ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರವಾಗಿದ್ದವು. ಅದರ ಕೆಳಗೆ ಅವರು ಹಿಂದಿಯಲ್ಲಿ ಬರೆದ ಒಂದು ಕಾಗದ ಅಂಟಿಸಿದರು: 'ನಮೂನೆ ಸಂಖ್ಯೆ 1. ಪರಿಶೀಲಿಸಿ ಒಪ್ಪಿಗೆ ಸೂಚಿಸುವುದು. ಒಪ್ಪಿಗೆ ಬಂದ ಕೂಡಲೇ ಉಳಿದ ಭಾಗದ ಮೇಲೆ ಕ್ರಮ ಕೈಗೊಳ್ಳಲಾಗುವುದು. ಸಹಿ, ಜಗನ್ನಾಥ.' ಇಂಥ ಕಾಗದದಲ್ಲಿ ವ್ಯಾಪಾರದ ಹೆಸರು ಹಾಕಿ ಜಾಹೀರಾತು ಮಾಡುವುದು ಸಲ್ಲದೆಂದು ಅದನ್ನು ಬಿಟ್ಟರು.

ಇಲ್ಲಿ ದೆಹಲಿಯ ಒಂದು ವಿಷಯ ಹೇಳಬೇಕು. ಈ ಊರಲ್ಲಿ ಇದ್ದಷ್ಟೇ ಜಾಗದಲ್ಲಿ ಇರುವ ಮನೆ ಅಪರೂಪ. ಒಬ್ಬರು ಬಾಲ್ಕನಿ ಮುಚ್ಚಿ ಕೋಣೆ ಮಾಡಿರುತ್ತಾರೆ, ಇನ್ನೊಬ್ಬರು ಗೇಟನ್ನು ನಾಲ್ಕಡಿ ರಸ್ತೆಗೆ ತಳ್ಳಿರುತ್ತಾರೆ, ಮತ್ತೊಬ್ಬರು ತಾರಸಿಯ ಮೇಲೆ ಏನೇನೋ ಎಬ್ಬಿಸಿರುತ್ತಾರೆ. ಹೀಗಾಗಿ ಬೆಳಿಗ್ಗೆ ಎದ್ದಾಗ ಗೋಡೆಯ ಮೇಲೆ ಒಂದು ಗುರುತು, ಅದರ ಕೆಳಗೊಂದು ಕಾಗದ ಕಂಡರೆ ಅದಕ್ಕೆ ಒಂದೇ ಅರ್ಥ: ಅಳೆಯುವವರು ಬಂದು ಹೋಗಿದ್ದಾರೆ, ಒಡೆಯುವವರು ಬರುತ್ತಾರೆ.

ನಗೆಕೂಟದಿಂದ ನಗುತ್ತಾ ಬಂದ ಗುಲಾಟಿಯವರು ಗೇಟಿನ ಎದುರು ನಗುವುದನ್ನು ನಿಲ್ಲಿಸಿದರು. ಸಹಿಯನ್ನು ಎರಡು ಸಲ ಓದಿದರು. ಎದುರು ಮನೆಯ ಮುದುಕ ಕೇಂದ್ರ ಸರ್ಕಾರದಲ್ಲಿ ಇದ್ದವನೆಂಬುದು ಅವರಿಗೆ ಗೊತ್ತು. ನಿವೃತ್ತರಾದವರನ್ನು ಸರ್ಕಾರ ಸಲಹೆಗಾರರೆಂದು ಮತ್ತೆ ಕರೆಸಿಕೊಳ್ಳುವುದೂ ಗೊತ್ತು. "ಆದರೆ ಅವರು ಅದೇನೋ ತೊಳೆಯೋ ವ್ಯಾಪಾರ ಅಂತ ಕಾರ್ಡು ಕೊಟ್ಟಿದ್ದರಲ್ಲ?" ಎಂದರು ಅವರ ಹೆಂಡತಿ.

"ಅಯ್ಯೋ ಭೋಳೀ, ಪೆದ್ದಿ! ಪೀತಮ್‌ಪುರದಲ್ಲಿ ಡೆಕ್ ತೊಳೆಯೋ ವ್ಯಾಪಾರ ಯಾರಾದರೂ ನಿಜವಾಗಿ ಮಾಡ್ತಾರಾ?" ಎಂದರು ಗುಲಾಟಿ. "ಅದು ವೇಷ. ಅಳೆಯೋಕೆ ಬಂದಿರೋದು."

ಈ ವಾದದಲ್ಲಿ ಹುಳುಕು ಹುಡುಕುವುದು ಯಾರಿಗೂ ಸಾಧ್ಯವಿರಲಿಲ್ಲ. ಹತ್ತೂವರೆಗೆ ಗುಲಾಟಿಯವರು ಎರಡು ಮಹಡಿ ಹತ್ತಿ ಬಂದರು. ಇಪ್ಪತ್ತಾರು ವರ್ಷಗಳಿಂದ ಅವರು ಜಗನ್ನಾಥರನ್ನು 'ಮದ್ರಾಸಿ ಭಾಯಿ' ಎನ್ನುತ್ತಿದ್ದರು. ಪ್ರತಿ ದೀಪಾವಳಿಗೆ ಬೇರೆ ಯಾರೋ ಕೊಟ್ಟ ಸೋನ್‌ಪಾಪಡಿಯ ಡಬ್ಬಿ ಕಳಿಸುತ್ತಿದ್ದರು. ಇಂದು ಅವರ ಕೈಯಲ್ಲಿ ಒಂದು ಕಿಲೋ ಕಾಜು ಬರ್ಫಿಯಿತ್ತು, ಬಾಯಲ್ಲಿ 'ಸರ್' ಇತ್ತು. ಇವರಿಬ್ಬರ ಸಂಭಾಷಣೆ ನಡೆದದ್ದು ಹಿಂದಿಯಲ್ಲಿ. ಓದುಗರ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದೆ.

"ಸರ್, ಆ ಗುರುತು ತಮ್ಮದೇ?"

"ನನ್ನದೇ. ಹೇಗನ್ನಿಸಿತು?"

"ಬಹಳ... ಸ್ಪಷ್ಟವಾಗಿದೆ."

"ಬರೀ ಒಂದಡಿ ತೆಗೆದಿದ್ದೀನಿ. ತಾವು ಹೂಂ ಅಂದರೆ ಸಂಜೆಯೊಳಗೆ ಪೂರ್ತಿ ತೆಗೆದುಬಿಡ್ತೀನಿ."

ಗುಲಾಟಿಯವರು ಹೇಳದೆ ಕೇಳದೆ ಕುರ್ಚಿಯಲ್ಲಿ ಕೂತರು. "ಪೂರ್ತೀನಾ?"

"ಅರ್ಧ ಬಿಟ್ಟರೆ ಓಣಿಯವರು ಏನಂತಾರೆ?"

"ತೆಗೆಯುವಾಗ ನಾವು ಒಳಗೇ ಇರಬಹುದಾ ಸರ್?"

"ಧಾರಾಳವಾಗಿ. ಕಿಟಕಿ ಒಂದು ಹಾಕ್ಕೊಳ್ಳಿ."

"ಏನಾದರೂ ಮಾಡಿ ಆ ಗುರುತನ್ನ ಅಳಿಸಕ್ಕಾಗಲ್ಲವಾ?"

"ಅದು ಹೇಗೆ ಸಾಧ್ಯ ಗುಲಾಟಿಯವರೇ? ಹೋಗಿದ್ದು ವಾಪಸ್ ಬರಲ್ಲ. ಇಡೀ ಮನೆಯನ್ನ ಅದರ ಮಟ್ಟಕ್ಕೆ ತರೋದೊಂದೇ ದಾರಿ." ಗಿರಾಕಿಯ ಮುಖ ಬಿಳಿಚಿದ್ದು ಕಂಡು ಜಗನ್ನಾಥರು ಮೆತ್ತಗಾದರು. "ಆತುರ ಏನಿಲ್ಲ, ಯೋಚನೆ ಮಾಡಿ. ಅಂದ ಹಾಗೆ, ನಿಮ್ಮ ತಾರಸಿ ಮೇಲೆ ಡೆಕ್ ಏನಾದರೂ ಇದೆಯಾ? ಹಲಗೆ ನೆಲ?"

"ಇಲ್ಲ! ಮಕ್ಕಳಾಣೆಗೂ ಇಲ್ಲ!"

"ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು," ಎಂದು ಜಗನ್ನಾಥರು ನಿಟ್ಟುಸಿರಿಟ್ಟರು. ಅದು ಅವರ ಮನಸ್ಸಿನಾಳದಿಂದ ಬಂದ ಮಾತು. ಅಧಿಕಾರಿಗಳು ಇಷ್ಟು ತಣ್ಣಗೆ ವ್ಯಂಗ್ಯವಾಡುವುದನ್ನು ಗುಲಾಟಿಯವರು ಅದುವರೆಗೆ ಕೇಳಿರಲಿಲ್ಲ. ಬಾಗಿಲ ಹತ್ತಿರ ಹೋದವರು ತಿರುಗಿ, "ಸರ್, ಇದು ನನ್ನ ಮನೆಗೆ ಮಾತ್ರವಾ?" ಎಂದರು.

ಪಕ್ಷಪಾತದ ಆರೋಪವನ್ನು ಜಗನ್ನಾಥರು ಎಂದೂ ಸಹಿಸಿದವರಲ್ಲ. ಮಾರನೆಯ ಬೆಳಿಗ್ಗೆಯೇ ಆ ಸಾಲಿನ ಇನ್ನೂ ಐದು ಮನೆಗಳ ಮೇಲೆ ಒಂದಡಿಯ ಐದು ಚೌಕಗಳು ಮೂಡಿದವು. ಕೆಳಗೆ ನಮೂನೆ ಸಂಖ್ಯೆ 2ರಿಂದ 6ರವರೆಗಿನ ಕಾಗದಗಳು.

ಮುಂದಿನ ನಾಲ್ಕು ದಿನಗಳಲ್ಲಿ ಓಣಿಯಲ್ಲಿ ನಡೆದದ್ದನ್ನು ನೋಡಿ ಜಗನ್ನಾಥರ ಕಣ್ಣು ತುಂಬಿ ಬಂತು. ಮಿತ್ತಲ್ ಎಂಬವರು ಕಾರು ಹತ್ತಿಸಲು ರಸ್ತೆಯ ಮೇಲೆ ಕಟ್ಟಿಸಿದ್ದ ಸಿಮೆಂಟಿನ ಇಳಿಜಾರನ್ನು ತಾವೇ ಸುತ್ತಿಗೆ ಹಿಡಿದು ಒಡೆದರು. ಮೂರನೆಯ ಮನೆಯವರು ತಗಡಿನ ಶೆಡ್ಡು ಬಿಚ್ಚಿದರು. ನಾಲ್ಕನೆಯವರು ಹನ್ನೊಂದು ಹೂಕುಂಡ, ಒಂದು ಜನರೇಟರು, ರಸ್ತೆಗೆ ಹಾಕಿದ್ದ ಸರಪಳಿ ಎಲ್ಲವನ್ನೂ ಒಳಗೆ ಎಳೆದುಕೊಂಡರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಆಟೊ ಒಂದು ಓಣಿಯೊಳಗೆ ಬಂದು ಒಂದೇ ಸುತ್ತಿಗೆ ತಿರುಗಿಕೊಂಡು ಹೋಯಿತು. ಆಟೊದವನು ಸ್ವಲ್ಪ ದೂರ ಹೋಗಿ ನಿಲ್ಲಿಸಿ, ತಾನು ಬಂದದ್ದು ಅದೇ ಓಣಿಗೇ ಎಂದು ಯಾರನ್ನೋ ಕೇಳಿ ಖಾತ್ರಿ ಮಾಡಿಕೊಂಡ.

"ನೋಡು ಪದ್ಮಾ," ಎಂದರು ಜಗನ್ನಾಥರು ಬಾಲ್ಕನಿಯಿಂದ. "ತೊಳೆಯೋಕೆ ಮುಂಚೆ ಸುತ್ತಮುತ್ತ ಜಾಗ ಖಾಲಿ ಮಾಡಿಸ್ಕೋಬೇಕು ಅಂತ ಗಡ್ಡದವನು ಹೇಳ್ತಾನೆ. ನಾನು ಹೇಳದೆ ಇದ್ದರೂ ಜನ ಮಾಡ್ತಿದ್ದಾರೆ!"

"ಒಪ್ಪಿಗೆ ಯಾರಾದರೂ ಕೊಟ್ಟರಾ?"

"ಇನ್ನೂ ಇಲ್ಲ."

"ದೀಪಾವಳಿಗೆ ಹನ್ನೆರಡು ದಿನ ಇದೆ," ಎಂದು ಪದ್ಮಾ ಒಳಗೆ ಹೋದರು. ಮನೆಯಲ್ಲಿ ಈಗ ನಾಲ್ಕು ಕಿಲೋ ಕಾಜು ಬರ್ಫಿ, ಎರಡು ಬುಟ್ಟಿ ಒಣಹಣ್ಣು, ಒಂದು ಬೆಳ್ಳಿಲೇಪದ ಲಕ್ಷ್ಮಿಗಣೇಶ ಸೇರಿದ್ದವು. ಗಿರಾಕಿ ಮಾತ್ರ ಒಬ್ಬನೂ ಇರಲಿಲ್ಲ.

ಐದನೆಯ ದಿನ ಮಿತ್ತಲ್ ತಮ್ಮ ಗೋಡೆಯ ಚೌಕಕ್ಕೆ ಮಣ್ಣು, ಬೂದಿ, ಚಹಾದ ಚರಟ ಕಲಸಿ ಮೆತ್ತಿ ಅದನ್ನು ಮೊದಲಿನ ಬಣ್ಣಕ್ಕೆ ತರಲು ಯತ್ನಿಸಿದರು. ಜಗನ್ನಾಥರು ಅದನ್ನು ಕಂಡು ಬಹಳ ನೊಂದುಕೊಂಡರು. ಹವೆಗೆ ನಮೂನೆ ಕೆಟ್ಟಿದೆಯೆಂದು ತಿಳಿದು ಅದೇ ಜಾಗದಲ್ಲಿ ಎರಡಡಿಯ ಹೊಸ ಚೌಕ ತೊಳೆದು, 'ಪರಿಷ್ಕೃತ ನಮೂನೆ' ಎಂದು ಕಾಗದ ಅಂಟಿಸಿದರು. ಕೈಹಾಕಿದರೆ ಎರಡು ಪಟ್ಟಾಗುತ್ತದೆಂಬ ಸುದ್ದಿ ಮಧ್ಯಾಹ್ನದೊಳಗೆ ಬ್ಲಾಕಿನ ಕೊನೆಯ ಮನೆ ಮುಟ್ಟಿತು. ಆಮೇಲೆ ಯಾರೂ ಚೌಕಗಳ ಹತ್ತಿರವೂ ಸುಳಿಯಲಿಲ್ಲ. ನಾಯಿಗಳನ್ನೂ ಆ ಕಡೆ ಬಿಡಲಿಲ್ಲ.

ಗುಲಾಟಿಯವರು ತಮಗಿದ್ದ ವಶೀಲಿಯನ್ನೆಲ್ಲ ಬಳಸಿ, ಇದು ಯಾವ ಇಲಾಖೆಯ ಸರ್ವೆ ಎಂದು ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲವೆಂದ ಮೇಲೆ ಅದು ಬಹಳ ಮೇಲಿನಿಂದಲೇ ಬಂದಿರಬೇಕು ಎಂದು ಪಾಲಿಕೆಯ ವಲಯ ಕಚೇರಿಯಲ್ಲಿ ಎಲ್ಲರೂ ಒಪ್ಪಿಕೊಂಡು, ಅನೂಪ್ ಎಂಬ ಜೂನಿಯರ್ ಇಂಜಿನಿಯರನ್ನು ಜಗನ್ನಾಥರ ಬಳಿಗೆ ಅಟ್ಟಿದರು. ಅವರು ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಸರ್, ನಮ್ಮ ಕಚೇರಿಗೆ ಇನ್ನೂ ಕಾಗದ ಬಂದಿಲ್ಲ."

ಜಗನ್ನಾಥರು ಕುರ್ಚಿಯಿಂದ ಅರ್ಧ ಎದ್ದರು. ತೊಳೆಯುವ ವ್ಯಾಪಾರಕ್ಕೆ ಕಾಗದ ಕಳಿಸಬೇಕಿತ್ತೆಂಬುದು ತಮಗೆ ಹೊಳೆದೇ ಇರಲಿಲ್ಲ! "ಕ್ಷಮಿಸಿ. ಕಳಿಸಬೇಕಿತ್ತಾ? ಮೇಲಿನಿಂದ ಯಾರ ಆದೇಶ ಬೇಕಾದರೂ ತರಿಸಿಕೊಡ್ತೀನಿ."

"ಬೇಡ ಸರ್, ಬೇಡ! ಮೇಲಿನವರಿಗೆ ಯಾಕೆ ತೊಂದರೆ," ಎಂದರು ಅನೂಪ್ ಗಾಬರಿಯಿಂದ. "ತಾವು ಮುಖ್ಯವಾಗಿ ಏನನ್ನ ನೋಡ್ತಿದ್ದೀರಿ ಅಂತ ಗೊತ್ತಾದರೆ ಸಾಕು."

ಇಷ್ಟು ಆಸಕ್ತಿಯಿಂದ ಅವರನ್ನು ಯಾರೂ ಕೇಳಿರಲಿಲ್ಲ. ಜಗನ್ನಾಥರು ಮುಂದಕ್ಕೆ ಬಾಗಿದರು. "ಗೋಡೆಗೀಡೆ ಎಲ್ಲ ನೆಪ. ನನಗೆ ಬೇಕಾಗಿರೋದು ಡೆಕ್. ತಾರಸಿ ಮೇಲೆ ಹಲಗೆ ಹಾಸಿರ್ತಾರಲ್ಲ, ಅದು. ಒಂದೇ ಒಂದು ಸಿಕ್ಕಿಬಿಟ್ಟರೆ ನನ್ನ ಜೀವನ ಸಾರ್ಥಕ."

ಅನೂಪ್ ಇದನ್ನು ಡೈರಿಯಲ್ಲಿ ಬರೆದುಕೊಂಡು, ಕೆಳಗಿಳಿದು, ಗೇಟಿನಲ್ಲಿ ಕಾಯುತ್ತಿದ್ದ ಗುಲಾಟಿಯವರಿಗೆ ಒಂದಕ್ಷರ ಬಿಡದೆ ಓದಿ ಹೇಳಿದರು. ಹಲಗೆಯನ್ನು ಸುಮ್ಮನೆ ಹಾಸಿದ್ದರೆ ಅದು ಕಟ್ಟಡವೇ ಅಲ್ಲ, ಅದಕ್ಕೆ ಯಾವ ಕಾನೂನೂ ತಗುಲುವುದಿಲ್ಲ ಎಂದೂ ಅವರು ಹೇಳಿದರು. ಆದರೆ ಗುಲಾಟಿಯವರು ಅಷ್ಟು ಹೊತ್ತಿಗೆ ಕೂಲಿಯಾಳುಗಳಿಗೆ ಫೋನು ಹಚ್ಚಿ ಆಗಿತ್ತು.

ದೀಪಾವಳಿಗೆ ಎರಡು ದಿನ ಮುಂಚೆ, ಧನತೇರಸ್ ಹಬ್ಬದ ಬೆಳಿಗ್ಗೆ ಜಗನ್ನಾಥರು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದರು. ಗುಲಾಟಿಯವರ ಮನೆ ಮುಂದೆ ಟೆಂಪೊ ನಿಂತಿತ್ತು. ಮೇಲಿನಿಂದ ಹಲಗೆಗಳು ಇಳಿಯುತ್ತಿದ್ದವು. ಉದ್ದನೆಯವು, ಕಪ್ಪಿಟ್ಟವು, ಅಂಚಿನಲ್ಲಿ ಮೊಳೆ ಕಿತ್ತ ಜಾಗದಲ್ಲಿ ಮಾತ್ರ ಜೇನಿನ ಬಣ್ಣದವು. ಒಂದಲ್ಲ ಎರಡಲ್ಲ, ಅರವತ್ತು ಹಲಗೆ. ಇಪ್ಪತ್ತೈದು ಹೆಜ್ಜೆ ದೂರದಲ್ಲಿ, ತಮ್ಮ ಕಣ್ಣಿಗಿಂತ ಎರಡೇ ಮಹಡಿ ಎತ್ತರದಲ್ಲಿ ಇಷ್ಟು ದಿನವೂ ಒಂದು ಡೆಕ್ ಇತ್ತು! ಜಗನ್ನಾಥರು ಉಟ್ಟ ಪಂಚೆಯಲ್ಲೇ ಕೆಳಗೆ ಓಡಿ ಟೆಂಪೊಗೆ ಅಡ್ಡ ನಿಂತರು.

"ಇದನ್ನ ಯಾಕೆ ಕಿತ್ತಿರಿ?"

"ತಾವೇ ಅಲ್ಲವಾ ಸರ್..." ಗುಲಾಟಿಯವರು ಕೈಮುಗಿದರು. "ಆಣೆ ಮಾಡಿ ಸುಳ್ಳು ಹೇಳಿದೆ, ತಪ್ಪಾಯಿತು. ಈಗ ಒಂದು ಹಲಗೆನೂ ಉಳಿಸಿಲ್ಲ, ಬೇಕಾದರೆ ಮೇಲೆ ಬಂದು ನೋಡಿ."

"ನಾನು ಇದನ್ನ ಕೀಳಿಸೋಕೆ ಬಂದವನಲ್ಲ, ತೊಳೆಯೋಕೆ ಬಂದವನು!"

ಓಣಿಯ ಆರೂ ಮನೆಯವರು ಹೊರಗೆ ಬಂದರು. ಜಗನ್ನಾಥರು ಯಂತ್ರದ ವಿಷಯ, ನಮೂನೆಯ ವಿಷಯ, ಗಡ್ಡದವನ ವಿಷಯ ಎಲ್ಲವನ್ನೂ ಹೇಳಿದರು. ಮಿತ್ತಲ್ ಕೈಯಲ್ಲಿದ್ದ ಸುತ್ತಿಗೆಯನ್ನು ನಿಧಾನವಾಗಿ ಕೆಳಗಿಟ್ಟರು.

"ಇರಲಿ ಸಾಬ್," ಎಂದರು ಗುಲಾಟಿ. "ಆದರೆ ಯಾರ ಆದೇಶ ಇತ್ತು ಅನ್ನೋದನ್ನಾದರೂ ಹೇಳಿ."

"ಯಾರದ್ದೂ ಇಲ್ಲ. ನಾನೇ ತೀರ್ಮಾನ ಮಾಡಿದ್ದು."

ಇದನ್ನು ಯಾರೂ ನಂಬಲಿಲ್ಲ. ಇಪ್ಪತ್ತಾರು ವರ್ಷ ಸಂಘದ ಸಭೆಗಳಲ್ಲಿ ಕೂತು 'ಎಲ್ಲರೂ ಹೇಳಿದ ಹಾಗೆ' ಎಂದದ್ದಲ್ಲದೆ ಬೇರೆ ಮಾತಾಡದ ಮನುಷ್ಯ! ಮೇಲಿನವರನ್ನು ಬಚ್ಚಿಡಲು ಸುಳ್ಳು ಹೇಳುತ್ತಿದ್ದಾನೆ ಎಂದು ಗುಸುಗುಸು ಎದ್ದಿತು. ಅಷ್ಟರಲ್ಲಿ ಪದ್ಮಾ ಸೌಟು ಹಿಡಿದೇ ಇಳಿದು ಬಂದರು.

"ಅವರು ಹೇಳ್ತಿರೋದು ನಿಜ," ಎಂದರು. "ಮದುವೆಯಾದಾಗಿನಿಂದ ಇವರು ತಾವಾಗೇ ಮಾಡಿದ ತೀರ್ಮಾನ ಇದೊಂದೇ. ಅದಕ್ಕೇ ಹೀಗಾಗಿರೋದು."

ಇದನ್ನು ಎಲ್ಲರೂ ನಂಬಿದರು. ಆಮೇಲೆ ಅರ್ಧ ಗಂಟೆ ಓಣಿಯಲ್ಲಿ ಕೇಳಿಬಂದ ಹಿಂದಿಯನ್ನು ಕನ್ನಡಕ್ಕೆ ತಂದಿಲ್ಲ. ಸಂಜೆ ಗುಲಾಟಿಯವರ ಹೆಂಡತಿ ಕೆಲಸದವಳನ್ನು ಕಳಿಸಿ ಕಾಜು ಬರ್ಫಿಯ ಡಬ್ಬಿ ವಾಪಸು ತರಿಸಿಕೊಂಡರು. ಅದರ ಬದಲು ಒಂದು ಸೋನ್‌ಪಾಪಡಿ ಬಂತು.

ದೀಪಾವಳಿಯ ಹಿಂದಿನ ದಿನ ಪದ್ಮಾ ಮಾತಿಗೆ ತಪ್ಪಲಿಲ್ಲ. ಬಾಲ್ಕನಿಯಿಂದಲೇ ಕೂಗಿ, ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಕಬಾಡಿಯ ಛೋಟೇಲಾಲನನ್ನು ಕರೆದರು. ಜಗನ್ನಾಥರು ಕೊಳವೆಯನ್ನು ತಾವೇ ಸುರುಳಿ ಸುತ್ತಿದರು, ಅದರ ಮೂತಿಯನ್ನು ಪಂಚೆಯ ತುದಿಯಿಂದ ಒರೆಸಿದರು, ಯಂತ್ರದ ಇನ್ನೊಂದು ತುದಿ ಹಿಡಿದು ಕೆಳಗಿನವರೆಗೂ ಇಳಿಸಿಕೊಟ್ಟರು. ಅವರಿಗೆ ಅಳು ಬಂದಿತ್ತು. ಮೇಲೆ ಬಂದು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ಕೂತರು. ಹುಳಿಗೆ ಏನು ಹಾಕಬೇಕೆಂಬ ಬಗ್ಗೆ ಯಾವ ಅಂಶವನ್ನೂ ಎತ್ತಲಿಲ್ಲ. ಆ ಮೌನ ಪದ್ಮಾ ಅವರಿಗೆ ಸೋರೆಕಾಯಿಗಿಂತ ಕಷ್ಟವಾಯಿತು. ಒಲೆ ಆರಿಸಿ, ಛೋಟೇಲಾಲ್ ಇನ್ನೂ ಕಾಣುತ್ತಾನೆಯೇ ಎಂದು ಬಾಲ್ಕನಿಗೆ ಬಂದು ಬಗ್ಗಿ ನೋಡಿದರು.

ಕೆಳಗೆ ಛೋಟೇಲಾಲನ ಗಾಡಿ ಗುಲಾಟಿಯವರ ಗೇಟು ದಾಟುತ್ತಿತ್ತು. ಗುಲಾಟಿಯವರ ಹೆಂಡತಿ ಬಾಗಿಲಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. ಸಂಜೆ ಅವರ ಬೀಗರು ಬರುವವರಿದ್ದರು. ಅವರು ಗಾಡಿಯ ಮೇಲಿನ ಹಳದಿ ಯಂತ್ರವನ್ನು ನೋಡಿದರು, ತಮ್ಮ ಕಪ್ಪು ಗೋಡೆಯ ಮೇಲಿನ ಗುಲಾಬಿ ಚೌಕವನ್ನು ನೋಡಿದರು, ಮತ್ತೆ ಯಂತ್ರವನ್ನು ನೋಡಿದರು.

"ಅಜೀ ಸುನ್ತೇ ಹೋ!" ಎಂದು ಗಂಡನನ್ನು ಕಿರುಚಿ ಕರೆದರು. "ಆ ಮಷೀನು ಹೋಗ್ತಿದೆ! ಅದು ಹೋದರೆ ಈ ಚೌಕ ನಾವು ಸಾಯೋ ತನಕ ಹೀಗೇ!"

ಗುಲಾಟಿಯವರು ಬರಿಗಾಲಲ್ಲಿ ಓಡಿದರು. ಅವರ ಹಿಂದೆ ಮಿತ್ತಲ್, ಮಿತ್ತಲರ ಹಿಂದೆ ಉಳಿದ ನಾಲ್ಕು ಮನೆಯವರು. ದೀಪಾವಳಿಯ ಹಿಂದಿನ ದಿನ ಆರು ಜನ ಗೃಹಸ್ಥರು "ರುಕೋ, ರುಕೋ" ಎನ್ನುತ್ತಾ ಒಬ್ಬ ಕಬಾಡಿಯನ್ನು ಅಟ್ಟಿಸಿಕೊಂಡು ಹೋಗುವುದನ್ನು ಪೀತಮ್‌ಪುರ ನೋಡಿತು. ಕದ್ದ ಮಾಲೆಂದು ಹೆದರಿ ಛೋಟೇಲಾಲ್ ಮೊದಲು ಇನ್ನೂ ಜೋರಾಗಿ ತಳ್ಳಿದ. ಹಾಲಿನ ಬೂತಿನ ತಿರುವಿನಲ್ಲಿ ಅವರು ಅವನನ್ನು ಹಿಡಿದರು.

ಆರು ಜನರೂ ಒಟ್ಟಿಗೆ ಮಾತಾಡಿದರು. ಛೋಟೇಲಾಲ್ ಎಲ್ಲವನ್ನೂ ಕೇಳಿ, ಬೀಡಿ ಹಚ್ಚಿ, ವಾಪಸು ಓಣಿಗೆ ಬಂದು ಆರು ಮನೆಗಳನ್ನೂ ಅವುಗಳ ಆರು ಚೌಕಗಳನ್ನೂ ನಿಧಾನವಾಗಿ ನೋಡಿದ. ಒಡೆದ ಇಳಿಜಾರು, ಬಿಚ್ಚಿದ ಶೆಡ್ಡು ಇದ್ದ ಜಾಗಗಳಲ್ಲೂ ಗೋಡೆ ಬೇರೆ ಬೇರೆ ಬಣ್ಣವಾಗಿದ್ದುದನ್ನು ಗಮನಿಸಿದ. ಆಮೇಲೆ, "ಮಷೀನು ನನ್ನದು. ಮಾರಲ್ಲ. ತೊಳೆದುಕೊಡ್ತೀನಿ," ಎಂದ.

"ನಿನಗೆ ತೊಳೆಯೋಕೆ ಬರುತ್ತಾ?" ಎಂದರು ಗುಲಾಟಿ.

"ನನಗೆ ಬರಲ್ಲ," ಎಂದು ಛೋಟೇಲಾಲ್ ಎರಡು ಮಹಡಿ ಹತ್ತಿ ಬಂದು, ಕುರ್ಚಿಯಲ್ಲಿದ್ದ ಜಗನ್ನಾಥರ ಎದುರು ನಿಂತ. "ಸಾಬ್, ಕೆಲಸಕ್ಕೆ ಬರ್ತೀರಾ? ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಭಾನುವಾರ ರಜಾ."

ಜಗನ್ನಾಥರು ಬಾಯಿ ತೆರೆದರು. ಈ ಪ್ರಸ್ತಾವದ ಪರವಾದ ಅಂಶಗಳು ಹಲವಿದ್ದವು, ವಿರುದ್ಧವಾದ ಅಂಶಗಳೂ ಕೆಲವಿದ್ದವು.

"ಬರ್ತಾರೆ," ಎಂದರು ಪದ್ಮಾ. "ಇವತ್ತಿಂದಲೇ ಬರ್ತಾರೆ." ಹಾಗೆಂದವರೇ ಒಳಗೆ ಹೋಗಿ, ಎಂಟು ತಿಂಗಳಿಂದ ಅಟ್ಟದ ಮೇಲಿದ್ದ ಊಟದ ಡಬ್ಬಿ ಇಳಿಸಿ ತೊಳೆಯತೊಡಗಿದರು.

ಮೊದಲ ಕೆಲಸ ಗುಲಾಟಿಯವರ ಡೆಕ್ಕೇ ಆಯಿತು. ಬೀಗರು ಬಂದರೆ ಕೂರಿಸಲು ಬೇರೆ ಜಾಗವಿರಲಿಲ್ಲ. ಅನೂಪ್ ಹೇಳಿದ ಕಾನೂನು ಗುಲಾಟಿಯವರ ಕಿವಿಗೆ ಈಗ ಬಿದ್ದಿತ್ತು. ಟೆಂಪೊ ತಡೆದಂದಿನಿಂದ ಗೇಟಿನೊಳಗೇ ಬಿದ್ದಿದ್ದ ಅರವತ್ತು ಹಲಗೆಗಳೂ ಮತ್ತೆ ತಾರಸಿ ಹತ್ತಿದವು. ಓಣಿಯ ಜನ ಸಿಟ್ಟನ್ನು ಪಕ್ಕಕ್ಕಿಟ್ಟು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ನೋಡಲು ಬಂದರು. ತೊಳೆಯುವುದನ್ನು ನೋಡುವುದರಲ್ಲಿ ಏನಿದೆ ಎಂದು ಕೇಳಿದ್ದ ಮಿತ್ತಲ್ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತರು. ಛೋಟೇಲಾಲರು (ಇನ್ನು ಮೇಲೆ ಅವರನ್ನು ಹಾಗೆಯೇ ಕರೆಯಬೇಕು) ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಆಸೀನರಾದರು.

ಜಗನ್ನಾಥರು ಕೊಳವೆ ಎತ್ತಿದರು. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಮುಂದಕ್ಕೆ ಸರಿದವು. ನೀರು ಹಾಯ್ದಲ್ಲಿ ಕಪ್ಪು ಹರಿದುಹೋಗಿ ಜೇನಿನ ಬಣ್ಣ ಎದ್ದು ಬಂತು. ನೂರಾಹನ್ನೆರಡು ವಿಡಿಯೊಗಳಲ್ಲಿ ಕಂಡದ್ದಕ್ಕಿಂತ ಅದು ಚೆನ್ನಾಗಿತ್ತು. ಸರಿಯಾಗಿ ಒಂದಡಿ ಚೌಕವಾದ ಕೂಡಲೇ ಅವರು ಯಂತ್ರ ನಿಲ್ಲಿಸಿ, ಕೊಳವೆ ಕೆಳಗಿಟ್ಟು, ಬಕೆಟ್ಟಿನ ಕಡೆ ತಿರುಗಿ ನೆಟ್ಟಗೆ ನಿಂತರು.

"ಸರ್, ಪರಿಶೀಲನೆ ಆಗಬೇಕು. ತಮ್ಮ ಆದೇಶ ಆದರೆ ಮುಂದುವರಿಸ್ತೀನಿ."

ಛೋಟೇಲಾಲರನ್ನು ಇಪ್ಪತ್ತು ವರ್ಷದ ಕಸುಬಿನಲ್ಲಿ ಯಾರೂ 'ಸರ್' ಎಂದಿರಲಿಲ್ಲ, ಆದೇಶವನ್ನಂತೂ ಕೇಳಿಯೇ ಇರಲಿಲ್ಲ. ಅವರು ಬೀಡಿಯನ್ನು ಬಾಯಿಯಿಂದ ತೆಗೆದು ಒಂದು ಕ್ಷಣ ಯೋಚಿಸಿ, "ಹಾಂ, ಕರ್ ದೋ. ಮಾಡಿಬಿಡಿ," ಎಂದರು.

ಜಗನ್ನಾಥರ ಮುಖ ಅರಳಿತು. ಕೇಂದ್ರ ಸರ್ಕಾರದಲ್ಲಿ ಅವರಿಗೆ ಯಾವತ್ತೂ ಇಷ್ಟು ಬೇಗ ಆದೇಶ ಸಿಕ್ಕಿದ್ದಿಲ್ಲ.